ನೀರು ತೊಳೆಯದ ಹೊಗೆ

ಅಕ್ಬರನ ಆಳ್ವಿಕೆಯ ಕಡೆಯ ದಿನಗಳಲ್ಲಿ, ಅಂದರೆ 1604ರ ಸುಮಾರಿಗೆ, ಆಸದ್ ಬೇಗನೆಂಬ ಮೊಗಲ್ ರಾಯಭಾರಿಯು ಬಿಜಾಪುರದ ಆದಿಲಶಾಹಿ ಆಸ್ಥಾನದಿಂದ ಆಗ್ರಾಕ್ಕೆ ಹಿಂದಿರುಗುವಾಗ, ಒಡೆಯನಿಗೆ ಒಪ್ಪಿಸಬೇಕಾದ ಕಾಣಿಕೆಗಳ ಜೊತೆಯಲ್ಲಿ ಒಂದಿಷ್ಟು ಹೊಗೆಸೊಪ್ಪನ್ನೂ ಅದನ್ನು ಸೇದುವುದಕ್ಕೆ ತಕ್ಕ, ರತ್ನಗಳನ್ನು ಕೆತ್ತಿಸಿದ ಒಂದು ಉದ್ದನೆಯ ಕೊಳವೆಯನ್ನೂ ಕೊಂಡೊಯ್ದನು. ಬಾದಶಹನು ಕುತೂಹಲದಿಂದ ಎರಡು ಮೂರು ಬಾರಿ ಹೊಗೆಯನ್ನು ಎಳೆದನು. ಬಳಿಯಲ್ಲಿದ್ದ ವೈದ್ಯನು ಕಳವಳಗೊಂಡು, ನಮ್ಮ ಶಾಸ್ತ್ರಗ್ರಂಥಗಳಲ್ಲಿ ಹೆಸರೇ ಇಲ್ಲದ ಈ ವಸ್ತುವನ್ನು ಸೇವಿಸಕೂಡದೆಂದು ತಡೆದನು. ಲೋಕದ ಪ್ರತಿಯೊಂದು ಪದ್ಧತಿಯೂ ಒಂದಾನೊಂದು ದಿನ ಹೊಸದೇ ಆಗಿತ್ತಲ್ಲವೆ ಎಂದು ಆಸದ್ ಬೇಗನು ವಾದಿಸಿದನು. ಈ ಪ್ರಸಂಗವನ್ನು ಅವನೇ ತನ್ನ ವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಹೀಗೆ ಮೊಗಲ್ ಅರಮನೆಗೆ ಹೊಗೆಸೊಪ್ಪಿನ ಪರಿಚಯವಾದದ್ದು ಕನ್ನಡ ನಾಡಿನ ಒಂದು ರಾಜಧಾನಿಯ ದಾರಿಯಾಗಿ ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಅರಿಯರು.

ಈ ವೃತ್ತಾಂತಕ್ಕೆ ಹೆಣೆದುಕೊಂಡಂತೆ ಮತ್ತೊಂದು ಐತಿಹ್ಯವೂ ಪ್ರಚಾರದಲ್ಲಿದೆ. ಅಕ್ಬರನ ಆಸ್ಥಾನವೈದ್ಯನಾಗಿದ್ದ ಹಕೀಮ ಅಬುಲ್ ಫತಹ್ ಗಿಲಾನಿಯು, ಹೊಗೆಯನ್ನು ನೀರಿನೊಳಗೆ ಹಾಯಿಸಿ ಎಳೆದರೆ ಅದರ ದೋಷವೆಲ್ಲ ಕಳೆಯುವುದೆಂದು ಬಗೆದು ಹುಕ್ಕಾವನ್ನು ನಿರ್ಮಿಸಿದನೆಂಬುದೇ ಆ ಐತಿಹ್ಯ. ಗಿಲಾನಿಯು ತೀರಿಕೊಂಡದ್ದು 1589ರಲ್ಲಿ. ಆಸದ್ ಬೇಗನು ಹೊಗೆಸೊಪ್ಪನ್ನು ತಂದದ್ದು ಅದಕ್ಕೆ ಹದಿನೈದು ವರ್ಷಗಳ ತರುವಾಯ. ಕಾಲಗಣನೆಗೆ ಕಥೆ ಹೊಂದುವುದಿಲ್ಲ. ಆದರೂ ಕಥೆಯ ಒಳಗಿರುವ ನಂಬಿಕೆ ಮಾತ್ರ, ನೀರು ಹೊಗೆಯನ್ನು ತೊಳೆಯುತ್ತದೆಂಬ ಆ ನಂಬಿಕೆ, ನಾಲ್ಕು ಶತಮಾನಗಳನ್ನು ದಾಟಿ ಇಂದಿಗೂ ಅಚ್ಚಳಿಯದೆ ಉಳಿದಿದೆ. ಹುಕ್ಕಾವನ್ನು ಮೊದಲ ಬಾರಿಗೆ ಮುಟ್ಟುವವನು ಮಾಡುವ ತಪ್ಪುಗಳು ಹಲವು. ಅವುಗಳಲ್ಲಿ ಪ್ರತಿಯೊಂದೂ ಭೌತಶಾಸ್ತ್ರದ ಅಥವಾ ರಸಾಯನಶಾಸ್ತ್ರದ ಒಂದೊಂದು ನಿಯಮವನ್ನು ಮರೆತದ್ದರ ಫಲ. ಆದರೆ ಆ ತಪ್ಪುಗಳೆಲ್ಲ ತಮ್ಮನ್ನು ತಾವೇ ಸಾರಿ ಹೇಳುತ್ತವೆ: ನೀರು ಬಾಯಿಗೆ ಬರುತ್ತದೆ, ಹೊಗೆ ಬಾರದೆ ಹೋಗುತ್ತದೆ, ಗಂಟಲು ಉರಿಯುತ್ತದೆ. ತನ್ನನ್ನು ತಾನು ಸಾರದ ತಪ್ಪೊಂದೇ, ಅದು ಈ ನಂಬಿಕೆ. ಉಳಿದವನ್ನು ಒಂದೊಂದಾಗಿ ಬಿಡಿಸಿ, ಕಡೆಗೆ ಅದರ ಬಳಿಗೆ ಬರುವುದು ಈ ಅಧ್ಯಾಯದ ಉದ್ದೇಶ.

ಈ ಉಪಕರಣದ ಹೆಸರುಗಳಲ್ಲಿಯೇ ಅದರ ಚರಿತ್ರೆಯ ಸುಳಿವುಂಟು. ನಮ್ಮ ನಾರಿಕೇಳವು ಪಾರಸಿಯಲ್ಲಿ ನಾರ್ಗೀಲವಾಗಿ, ತುರ್ಕಿಯಲ್ಲಿ ನರ್ಗಿಲೆಯಾಯಿತು. ಏಕೆಂದರೆ ತೆಂಗಿನ ಚಿಪ್ಪೇ ನೀರಿನ ಪಾತ್ರೆಯಾಗಿದ್ದ ಕಾಲವೊಂದಿತ್ತು. ಹುಕ್ಕಾ ಎಂಬ ಅರಬ್ಬೀ ಮೂಲದ ಶಬ್ದಕ್ಕೆ ಕರಂಡಕ ಅಥವಾ ಪುಟ್ಟ ಭರಣಿ ಎಂದರ್ಥ. ನಮ್ಮ ಉತ್ತರದ ಜಿಲ್ಲೆಗಳ ಜನ ಅದರ ಸದ್ದನ್ನೇ ಹಿಡಿದು ಗುಡುಗುಡಿ ಎಂದರು; ಶಿಶುನಾಳ ಶರೀಫರು ಅದನ್ನು ತತ್ತ್ವಪದದ ವಸ್ತುವನ್ನಾಗಿಯೇ ಮಾಡಿಕೊಂಡರು. ಬೀದರಿನ ಕುಶಲಕರ್ಮಿಗಳಂತೂ ಸತುವಿಗೆ ಅಲ್ಪಪ್ರಮಾಣದ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆಗಳನ್ನು ಕೂರಿಸಿ, ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ದ್ರಾವಣದಿಂದ ಕಾಡಿಗೆಯ ಕಪ್ಪನ್ನು ತರಿಸಿ, ಬಿದರಿ ಕಲೆಯ ಅತ್ಯುತ್ತಮ ಕೃತಿಗಳಲ್ಲಿ ಹಲವನ್ನು ಹುಕ್ಕಾದ ಬುರುಡೆಯ ರೂಪದಲ್ಲಿಯೇ ಲೋಕಕ್ಕೆ ಕೊಟ್ಟಿದ್ದಾರೆ. ಹಳೆಯವು ಗೋಳಾಕಾರದವು, ನಿಲ್ಲಲು ಸಿಂಬಿ ಬೇಕು. ಹದಿನೆಂಟನೆಯ ಶತಮಾನದ ನಡುಗಾಲದಿಂದ ಈಚಿನವು ಗಂಟೆಯ ಆಕಾರದವು, ತಮ್ಮ ತಳದ ಮೇಲೆ ತಾವೇ ನಿಲ್ಲುವಂಥವು.

ನಾನು ಗುಡುಗುಡಿಯನ್ನು ಮುಟ್ಟಿದ್ದು ಅಂತಹ ಗಂಟೆಯಾಕಾರದ ಬಿದರಿ ಬುರುಡೆಯೊಂದರ ಮೂಲಕವೇ. ಇಪ್ಪತ್ತರ ಪ್ರಾಯ, ಮಾಘಮಾಸದ ಚಳಿ, ಬೀದರಿನ ಒಂದು ಹಳೆಯ ಮನೆ. ಮನೆಯ ಹಿರಿಯರು ಪ್ರತಿದಿನ ಸಂಜೆ ಜಗಲಿಯ ಮೇಲೆ ಕುಳಿತು, ಯಾವ ಅವಸರವೂ ಇಲ್ಲದೆ, ಪೂಜೆಯ ಸಾಮಗ್ರಿಗಳನ್ನು ಅಣಿಮಾಡಿಕೊಳ್ಳುವವರ ಹಾಗೆ ಗುಡುಗುಡಿಯನ್ನು ಸಿದ್ಧಪಡಿಸಿಕೊಳ್ಳುವುದನ್ನು ನಾವು ಮೂವರು ಹುಡುಗರು ಕಂಡಿದ್ದೆವು. ಅವರು ಊರಿನಲ್ಲಿಲ್ಲದ ಒಂದು ಸಂಜೆ ಅದನ್ನು ಒಳಕೋಣೆಗೆ ಎತ್ತಿಕೊಂಡು ಹೋಗಿ, ಚಳಿಗೆಂದು ಕದವಿಕ್ಕಿಕೊಂಡು ಕುಳಿತೆವು. ಆ ಒಂದೇ ಸಂಜೆಯಲ್ಲಿ ಹೊಸಬನೊಬ್ಬನು ಮಾಡಬಹುದಾದ ತಪ್ಪುಗಳನ್ನೆಲ್ಲ ನಾವು ಸಾಲಾಗಿ ಮಾಡಿ ಮುಗಿಸಿದೆವು.

ಮೊದಲನೆಯದು ನೀರಿನ ತಪ್ಪು. ಹೆಚ್ಚು ನೀರಿದ್ದರೆ ಹೊಗೆ ಹೆಚ್ಚು ತಂಪಾದೀತೆಂಬ ತರ್ಕದಿಂದ ಬುರುಡೆಯನ್ನು ಕಂಠಮಟ್ಟ ತುಂಬಿದೆವು. ಹೊಗೆಯನ್ನು ನೀರಿಗಿಳಿಸುವ ನಳಿಗೆಯನ್ನು ಇಳಿಬಿಟ್ಟೊಡನೆ, ಮುಳುಗಿದ ವಸ್ತುವು ತನ್ನ ಗಾತ್ರದಷ್ಟು ನೀರನ್ನು ಸ್ಥಳಾಂತರಿಸುವುದೆಂಬ ನಿಯಮಕ್ಕೆ ವಿಧೇಯವಾಗಿ ನೀರು ಇನ್ನೂ ಮೇಲೇರಿತು. ನಾನು ಬಲವಾಗಿ ಒಂದು ದಮ್ಮು ಎಳೆದಾಗ ಬಂದದ್ದು ಹೊಗೆಯಲ್ಲ, ಬಾಯಿ ತುಂಬ ಕಹಿನೀರು. ಇಲ್ಲಿ ನಡೆಯುವುದೇನು? ಸೇದುವವನು ಹೊಗೆಯನ್ನು ಎಳೆಯುತ್ತಾನೆಂದು ನಾವು ಹೇಳುವುದು ಮಾತಿನ ರೂಢಿ. ವಸ್ತುಸ್ಥಿತಿಯಲ್ಲಿ ಅವನು ಮಾಡುವುದು ನೀರಿನ ಮೇಲಣ ಬರಿದಾದ ಜಾಗದಲ್ಲಿ ಗಾಳಿಯ ಒತ್ತಡವನ್ನು ತುಸು ತಗ್ಗಿಸುವುದು ಮಾತ್ರ. ಆಗ ಹೊರಗಿನ ವಾಯುಮಂಡಲವು ತನ್ನ ಭಾರದಿಂದ ಕೆಂಡದ ಮೂಲಕ, ಸೊಪ್ಪು ತುಂಬಿದ ಚಿಲುಮೆಯ ಮೂಲಕ, ನಳಿಗೆಯ ಮೂಲಕ ಗಾಳಿಯನ್ನು ಒಳಗೆ ದಬ್ಬುತ್ತದೆ. ನಳಿಗೆಯಲ್ಲಿ ನಿಂತ ನೀರು ಕೆಳಗಿಳಿದು, ತುದಿಯಿಂದ ಗುಳ್ಳೆಗಳು ಹೊರಟು, ಗುಡುಗುಡು ಶಬ್ದವಾಗುತ್ತದೆ. ನಳಿಗೆಯ ತುದಿ ನೀರಿನೊಳಗೆ ಎಷ್ಟು ಆಳಕ್ಕಿದೆಯೋ ಅಷ್ಟು ಎತ್ತರದ ನೀರಿನ ಸ್ತಂಭವನ್ನು ನಮ್ಮ ಶ್ವಾಸಬಲ ಗೆಲ್ಲಬೇಕು. ನಾವು ಸಹಜವಾಗಿ ಉಸಿರಾಡುವಾಗ ಪುಪ್ಪುಸದಲ್ಲಿ ಒತ್ತಡ ಇಳಿಯುವುದು ಸುಮಾರು 1 ಸೆಂಟಿಮೀಟರ್ ನೀರಿನ ಸ್ತಂಭದಷ್ಟು. ಆದುದರಿಂದ ತುದಿಯು ಒಂದಂಗುಲ, ಅಂದರೆ ಸುಮಾರು 2.5 ಸೆಂಟಿಮೀಟರ್ ಮುಳುಗಿದ್ದರೆ ಎಳೆತ ಸಹನೀಯ. ನಾಲ್ಕಂಗುಲ ಮುಳುಗಿದರೆ ಶ್ರಮವೂ ನಾಲ್ಕು ಪಟ್ಟು. ಮೇಲೆ ಗಾಳಿಗೆ ಜಾಗವೇ ಉಳಿಯದಂತೆ ತುಂಬಿದರೆ ಗುಳ್ಳೆ ಒಡೆದ ತುಂತುರು ನೇರವಾಗಿ ಸೇದುವ ಕೊಳವೆಗೆ ನುಗ್ಗುತ್ತದೆ.

ನೀರನ್ನು ಚೆಲ್ಲಿ ಕಡಮೆ ಮಾಡಿದ ಮೇಲೆ ಎರಡನೆಯ ತಪ್ಪು ಎದುರಾಯಿತು. ಎಳೆತ ಹಗುರವಾಗಿತ್ತು, ಅತಿ ಹಗುರವಾಗಿತ್ತು. ಗುಳ್ಳೆ ಏಳಲಿಲ್ಲ, ಹೊಗೆ ಬರಲಿಲ್ಲ. ನಳಿಗೆಯು ಬುರುಡೆಯ ಕಂಠವನ್ನು ಸೇರುವೆಡೆಯಲ್ಲಿ ಹಿರಿಯರು ಒದ್ದೆಯ ಅರಿವೆಯನ್ನು ಸುತ್ತುತ್ತಿದ್ದುದನ್ನು ನಾವು ಅಲಂಕಾರವೆಂದು ಬಗೆದು ಬಿಟ್ಟುಬಿಟ್ಟಿದ್ದೆವು. ದ್ರವಗಳಂತೆ ಗಾಳಿಯೂ ತಡೆ ಕಡಮೆಯಿರುವ ದಾರಿಯನ್ನೇ ಹಿಡಿಯುತ್ತದೆ. ಕೆಂಡ, ಸೊಪ್ಪು, ನೀರು ಇಷ್ಟನ್ನೂ ಹಾದು ಬರುವ ಕಷ್ಟದ ದಾರಿಯ ಬದಲು ಕಂಠದ ಸಂದಿಯಲ್ಲಿ ಸುಲಭವಾದ ದಾರಿಯೊಂದಿರುವಾಗ ಅದು ಅಲ್ಲಿಂದಲೇ ಬರುತ್ತದೆ. ಈಗಿನ ಹುಕ್ಕಾಗಳಲ್ಲಿ ಅರಿವೆಯ ಕೆಲಸವನ್ನು ರಬ್ಬರಿನ ಬಳೆಗಳು ಮಾಡುತ್ತವೆ. ಸಂದು ಬಿಗಿಯಾಗಿದೆಯೇ ಎಂದರಿಯುವ ಪರೀಕ್ಷೆ ಸರಳವಾದುದು: ಚಿಲುಮೆಯನ್ನು ಇಡುವ ಮುನ್ನ ನಳಿಗೆಯ ಮೇಲ್ತುದಿಯನ್ನು ಅಂಗೈಯಿಂದ ಮುಚ್ಚಿ ಎಳೆಯಬೇಕು, ಗಾಳಿ ಬಂದರೆ ಎಲ್ಲಿಯೋ ಕಳ್ಳದಾರಿಯಿದೆಯೆಂದೇ ಅರ್ಥ.

ಮೂರನೆಯದು ಚಿಲುಮೆಯನ್ನು ತುಂಬುವ ತಪ್ಪು, ಮತ್ತು ಇದರಲ್ಲಿ ಹೆಚ್ಚಿನ ವಿಜ್ಞಾನವಿದೆ. ಬೀಡಿ ಸಿಗರೇಟುಗಳಲ್ಲಿ ಹೊಗೆಸೊಪ್ಪು ತಾನೇ ಉರಿಯುತ್ತದೆ. ಸೇದುವ ಕ್ಷಣದಲ್ಲಿ ಸಿಗರೇಟಿನ ತುದಿಯ ಕೆಂಡ ಸುಮಾರು 900 ಡಿಗ್ರಿ ಸೆಲ್ಸಿಯಸ್ ತಲಪುತ್ತದೆ. ಹುಕ್ಕಾದ ಸೊಪ್ಪು ಹಾಗಲ್ಲ. ನಮ್ಮ ಕಡೆಯ ಗುಡಾಕು ಬೆಲ್ಲ ಅಥವಾ ಕಾಕಂಬಿಯಲ್ಲಿ ಕಲಸಿದುದು. ಅರಬ್ಬರ ಮುಅಸ್ಸಲ್ ಎಂಬುದು ಕಾಕಂಬಿ, ಗ್ಲಿಸರಿನ್ ಮತ್ತು ಸುಗಂಧದ್ರವ್ಯಗಳಲ್ಲಿ ನೆನೆದುದು. ಇಷ್ಟು ತೇವವುಳ್ಳ ವಸ್ತು ತಾನಾಗಿ ಹೊತ್ತಿ ಉರಿಯಲಾರದು. ಮೇಲಿನ ಕೆಂಡದ ಕಾವಿನಿಂದ ಅದು ಬೇಯಬೇಕು, ಸುಡಬಾರದು. ಕೆಂಡದ ಕೆಳಗೆ ಮಣ್ಣಿನ ತವೆಯನ್ನೋ ತೂತು ಕೊರೆದ ಅಲ್ಯುಮಿನಿಯಂ ಹಾಳೆಯನ್ನೋ ಇಡುವುದು ಈ ಕಾರಣಕ್ಕಾಗಿಯೇ.

ನಾವಾದರೋ ಸೊಪ್ಪನ್ನು ಬೆರಳಿನಿಂದ ಒತ್ತಿ ಒತ್ತಿ, ಅಂಚಿನವರೆಗೂ ತುಂಬಿದ್ದೆವು. ಒತ್ತಿ ತುಂಬಿದ ಸೊಪ್ಪಿನ ನಡುವೆ ಬಿಸಿಗಾಳಿಗೆ ಹಾದಿಯಿಲ್ಲ. ಮೇಲಿನ ಪದರವು ತವೆಗೆ ತಾಗಿ ಕರಿಯಾಗುವಾಗ ಕೆಳಗಿನದು ಹಸಿಯಾಗಿಯೇ ಉಳಿಯುತ್ತದೆ. ಎಸಳುಗಳನ್ನು ಬಿಡಿಸಿ, ಹುಡಿಯಾಗಿ ಉದುರಿಸಿ, ಮೇಲೆ ಎರಡು ಮೂರು ಮಿಲಿಮೀಟರ್ ಎಡೆಯಿರುವಂತೆ ಬಿಟ್ಟಾಗ ಮಾತ್ರ ಕಾವು ಗಾಳಿಯ ಮೂಲಕ ಸಮನಾಗಿ ಹರಡುತ್ತದೆ. ಅತಿಯಾಗಿ ಕಾದರೆ ಆಗುವುದು ರಸಾಯನದ ವಿಷಯ: ಸಕ್ಕರೆಯು 160 ಡಿಗ್ರಿಯ ಆಚೆಗೆ ಕಂದು ತಿರುಗಿ, ಇನ್ನೂ ಕಾದರೆ ಇದ್ದಿಲಾಗುತ್ತದೆ, ಮಿತಿ ಮೀರಿ ಕಾದ ಗ್ಲಿಸರಿನ್ ನೀರಿನ ಅಂಶವನ್ನು ಕಳೆದುಕೊಂಡು ಅಕ್ರೋಲೀನ್ ಎಂಬ ತೀಕ್ಷ್ಣಪದಾರ್ಥವಾಗುತ್ತದೆ. ಒಗ್ಗರಣೆಗಿಟ್ಟ ಎಣ್ಣೆ ಮರೆತು ಸುಟ್ಟುಹೋದಾಗ ಅಡುಗೆಮನೆಯಲ್ಲಿ ಕಣ್ಣು ಮೂಗುಗಳನ್ನು ಉರಿಸುವ ಆ ಘಾಟು ಇದರದ್ದೇ. ಗಂಟಲನ್ನು ಕೆರೆದು ಕೆಮ್ಮಿಸುವ ಹೊಗೆಯನ್ನು ಹೊಸಬನು ಸೊಪ್ಪಿನ ಖಾರವೆಂದು ತಿಳಿಯುತ್ತಾನೆ. ಅದು ಸುಟ್ಟದ್ದರ ಸುದ್ದಿ.

ನಾಲ್ಕನೆಯದು ಕೆಂಡದ ತಪ್ಪು. ಅರ್ಧ ಹೊತ್ತಿದ, ಒಂದು ಮಗ್ಗುಲು ಇನ್ನೂ ಕಪ್ಪಾಗಿರುವ ಇದ್ದಿಲನ್ನು ನಾವು ಆತುರದಿಂದ ತವೆಯ ಮೇಲಿಟ್ಟೆವು. ಇದ್ದಿಲು ಪೂರ್ತಿ ಕೆಂಪಾಗಿ, ಮೇಲೆ ತೆಳುವಾದ ಬೂದಿ ಮೂಡುವವರೆಗೂ ಅದರೊಳಗೆ ಉಳಿದ ಅರೆಬೆಂದ ಅಂಶಗಳು ಹೊಗೆಯಾಗಿ ಹೊರಬರುತ್ತಲೇ ಇರುತ್ತವೆ. ಬೇಗ ಹೊತ್ತಲೆಂದು ಪೆಟ್ಲುಪ್ಪನ್ನು ಸೇರಿಸಿ ಅಂಗಡಿಯಲ್ಲಿ ಮಾರುವ ಬಿಲ್ಲೆಗಳಲ್ಲಿಯಂತೂ ಆ ಸಿಡಿಮದ್ದಿನ ವಾಸನೆ ಪ್ರತ್ಯೇಕವಾಗಿಯೇ ಬರುತ್ತದೆ. ಬೂದಿ ದಪ್ಪವಾದರೆ ಅದು ಕಂಬಳಿಯಂತೆ ಕಾವನ್ನು ಒಳಗೇ ಹಿಡಿದಿಡುತ್ತದೆ; ಆಗ ಕೆಂಡವನ್ನು ಕೊಡವಿ ಜಾಗ ಬದಲಿಸಬೇಕಲ್ಲದೆ, ಮೇಲೆ ಮತ್ತೊಂದು ಕೆಂಡವನ್ನು ಹೇರಕೂಡದು. ನಾವು ಹೇರಿದೆವು.

ಐದನೆಯದು ಎಳೆಯುವ ತಪ್ಪು. ಬಿಳಿಯ ಮೋಡದಂತಹ ಹೊಗೆ ಬಾರದಿದ್ದಾಗ ಹೊಸಬನು ಇನ್ನಷ್ಟು ಬಲವಾಗಿ, ಇನ್ನಷ್ಟು ಬೇಗಬೇಗನೆ ಎಳೆಯುತ್ತಾನೆ. ಆ ಮೋಡ ಬಹುಮಟ್ಟಿಗೆ ನೀರು ಮತ್ತು ಗ್ಲಿಸರಿನ್ನಿನ ಸೂಕ್ಷ್ಮ ಹನಿಗಳ ಸಮೂಹ. ಅದಕ್ಕೆ ಬೇಕಾದದ್ದು ಹದವಾದ ಕಾವು ಮತ್ತು ಕಾಲಾವಕಾಶ. ಕಮ್ಮಾರನು ತಿದಿಯನ್ನೊತ್ತಿದಾಗ ಕುಲುಮೆಯಲ್ಲಿ ಏನಾಗುತ್ತದೆಯೋ ಬಲವಾಗಿ ಎಳೆದಾಗ ಚಿಲುಮೆಯಲ್ಲಿಯೂ ಅದೇ ಆಗುತ್ತದೆ: ಕೆಂಡ ಪ್ರಜ್ವಲಿಸಿ, ಸೊಪ್ಪು ಸುಡುತ್ತದೆ. ನಿಧಾನವಾದ ಉಸಿರೇ ಇಲ್ಲಿ ಕಾವಿನ ಕೀಲಿ.

ಇಷ್ಟೆಲ್ಲ ಆದ ಮೇಲೆ ಕಡೆಗೆ ಹೊಗೆ ಸರಿಯಾಗಿ ಬಂತು. ತಂಪಾಗಿ, ಮೃದುವಾಗಿ, ಸಿಹಿಯಾಗಿ ಬಂತು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನನ್ನ ಕಣ್ಣಿನ ಹಿಂದೆ ಒಂದು ಭಾರ ಕೂತಿತು. ಹಣೆಯ ಎರಡು ಪಕ್ಕ ಮಿಡಿಯತೊಡಗಿತು. ಜೊತೆಯವನೊಬ್ಬನು ಇದೇ ಇದರ ಮಜವೆಂದು ಹೇಳಿ ಎದ್ದುನಿಂತವನು ಹಾಗೆಯೇ ಗೋಡೆಗೊರಗಿ ಕುಸಿದನು. ಸದ್ದು ಕೇಳಿ ಬಂದ ಮನೆಯ ಅಜ್ಜಿ ಒಂದು ಮಾತನ್ನೂ ಆಡದೆ ಮೊದಲು ಕದ ತೆರೆದರು, ಆಮೇಲೆ ಕಿಟಕಿ ತೆರೆದರು, ಆಮೇಲೆ ಕೆಂಡವನ್ನು ಅಂಗಳಕ್ಕೆ ಎಸೆದರು.

ಆ ದಿನ ನಮ್ಮನ್ನು ಕೆಡವಿದ್ದು ಹೊಗೆಸೊಪ್ಪಿನ ಮತ್ತೆಂದು ನಾವು ಬಹುಕಾಲ ನಂಬಿದ್ದೆವು. ಅದಕ್ಕೂ ಪಾಲುಂಟು, ಆದರೆ ಮುಖ್ಯ ಅಪರಾಧಿ ಕೆಂಡ. ಇದ್ದಿಲು ಧಾರಾಳವಾದ ಗಾಳಿಯಲ್ಲಿ ಉರಿದಾಗ ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಆ ಅನಿಲವೇ ಮತ್ತೆ ನಿಗಿನಿಗಿ ಕೆಂಡದ ಮೇಲೆ ಹಾಯ್ದಾಗ, ಸುಮಾರು 700 ಡಿಗ್ರಿಯ ಮೇಲಣ ಕಾವಿನಲ್ಲಿ, ಇನ್ನೊಂದು ಇಂಗಾಲದ ಪರಮಾಣುವನ್ನು ಸೆಳೆದುಕೊಂಡು ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಡುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಸ್ಕಾಟ್‌ಲೆಂಡಿನ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನನು 1895ರಲ್ಲಿ ಈ ಅನಿಲವನ್ನು ತಾನೇ ಉಸಿರಾಡಿ, ತನ್ನ ರಕ್ತವನ್ನು ತಾನೇ ಪರೀಕ್ಷಿಸಿ ಅದರ ವರ್ತನೆಯನ್ನು ದಾಖಲಿಸಿದನು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200ರಿಂದ 250 ಪಟ್ಟು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಶುದ್ಧವಾದ ಗಾಳಿಗೆ ಬಂದ ಮೇಲೂ, ಸೇರಿದ್ದರಲ್ಲಿ ಅರ್ಧದಷ್ಟು ಬಿಟ್ಟುಹೋಗಲು ನಾಲ್ಕೈದು ಗಂಟೆಗಳಾದರೂ ಬೇಕು. ತಲೆನೋವು, ತಲೆಸುತ್ತು, ಓಕರಿಕೆ, ಕಡೆಗೆ ಮೂರ್ಛೆ: ಇವು ಮಜದ ಲಕ್ಷಣಗಳಲ್ಲ, ಮಿದುಳು ಪ್ರಾಣವಾಯುವಿಗಾಗಿ ಬೇಡುತ್ತಿರುವ ಲಕ್ಷಣಗಳು. ಬೆರಳಿಗೆ ಸಿಕ್ಕಿಸಿ ಆಮ್ಲಜನಕವನ್ನು ಅಳೆಯುವ ಸಾಮಾನ್ಯ ಯಂತ್ರಕ್ಕೂ ಇದು ತಿಳಿಯದು. ಮೊನಾಕ್ಸೈಡ್ ಹೊತ್ತ ರಕ್ತವೂ ಅದರ ಕಣ್ಣಿಗೆ ಆರೋಗ್ಯದ ಕೆಂಪಾಗಿಯೇ ಕಾಣುತ್ತದೆ. ಹೊಗೆಸೊಪ್ಪೇ ಇಲ್ಲದ ಗಿಡಮೂಲಿಕೆಯ ಹುಕ್ಕಾ ನಿರಪಾಯಕರವೆಂಬ ಮಾತೂ ಇದೇ ಕಾರಣದಿಂದ ಹುಸಿ. ಕೆಂಡ ಅಲ್ಲಿಯೂ ಕೆಂಡವೇ.

ಹಾಗಾದರೆ ನೀರು ಏನು ಮಾಡಿತು? ಗಿಲಾನಿಯ ಹೆಸರಿನಲ್ಲಿ ನಡೆದುಬಂದ ನಂಬಿಕೆಯನ್ನು ಈಗ ಲೆಕ್ಕಕ್ಕೆ ಹಚ್ಚಿ ನೋಡೋಣ. ಒಂದಂಗುಲದ ನೀರನ್ನು ಏರಿ ಬರಲು ಗುಳ್ಳೆಯೊಂದಕ್ಕೆ ಹಿಡಿಯುವ ಹೊತ್ತು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ. ಹೊಗೆಯ ಕಣವೆಂದರೆ ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಭಾಗದಷ್ಟು ಗಾತ್ರದ್ದು. ಅಷ್ಟು ಅಲ್ಪವೇಳೆಯಲ್ಲಿ ಅದು ತನ್ನ ಸ್ವಾಭಾವಿಕ ಚಲನೆಯಿಂದ ಸರಿಯಬಲ್ಲದ್ದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟು ಮಾತ್ರ. ಗುಳ್ಳೆಯ ಅಡ್ಡಳತೆಯೋ ಒಂದು ಸೆಂಟಿಮೀಟರಿನ ಆಸುಪಾಸು. ಅಂದಮೇಲೆ ಗುಳ್ಳೆಯ ಹೊರಚರ್ಮಕ್ಕೆ ಅಂಟಿದಂತಿರುವ ತೆಳುಪದರದ ಕಣಗಳನ್ನೂ, ಗುಳ್ಳೆಯೊಳಗಣ ಸುಳಿಗಾಳಿ ಅಂಚಿಗೆ ತಂದ ಕೆಲವನ್ನೂ ನೀರು ಹಿಡಿದೀತು. ಒಳಗಿನ ದೊಡ್ಡ ರಾಶಿ ನೀರನ್ನು ಸೋಂಕದೆಯೇ, ಗಾಜಿನ ಗೋಳದಲ್ಲಿ ಕುಳಿತು ಹೊಳೆ ದಾಟಿದಂತೆ, ದಾಟಿಬಿಡುತ್ತದೆ. ಅನಿಲಗಳಲ್ಲಿ ಕಾರ್ಬನ್ ಮೊನಾಕ್ಸೈಡಂತೂ ನೀರಿನಲ್ಲಿ ಕರಗುವುದು ಅತ್ಯಲ್ಪ: ಕೋಣೆಯ ಉಷ್ಣದಲ್ಲಿ, ಶುದ್ಧ ಅನಿಲವನ್ನೇ ಹಾಯಿಸಿದರೂ, ಒಂದು ಲೀಟರ್ ನೀರಿಗೆ 28 ಮಿಲಿಗ್ರಾಮಿನಷ್ಟು.

ನೀರು ನಿಶ್ಚಯವಾಗಿ ಮಾಡುವ ಕೆಲಸ ಒಂದುಂಟು. ಅದು ಹೊಗೆಯನ್ನು ತಣಿಸುತ್ತದೆ. ಅಪಾಯ ಅಡಗಿರುವುದೇ ಆ ಉಪಕಾರದಲ್ಲಿ. ಬಿಸಿಹೊಗೆ ಗಂಟಲನ್ನು ಎಚ್ಚರಿಸಿ ಉಸಿರನ್ನು ಮೊಟಕುಗೊಳಿಸುತ್ತದೆ; ತಣ್ಣನೆಯ ಹೊಗೆಗೆ ಪುಪ್ಪುಸದ ತಳದವರೆಗೂ ಬಾಗಿಲು ತೆರೆದಿರುತ್ತದೆ. ಸಿಗರೇಟನ್ನು ಪರೀಕ್ಷಿಸುವ ಯಂತ್ರಗಳಿಗೆ ನಿಗದಿಯಾಗಿರುವ ಒಂದು ಎಳೆತದ ಅಳತೆ 35 ಮಿಲಿಲೀಟರ್. ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಕಾಫಿಗೃಹಗಳಲ್ಲಿ ಹುಕ್ಕಾ ಸೇದುವವರನ್ನು ಅಳೆದು ರೂಪಿಸಿದ ಕ್ರಮದಲ್ಲಿ ಒಂದು ಎಳೆತ 530 ಮಿಲಿಲೀಟರ್. ಅಂಥವು ಒಂದು ಸರದಿಗೆ 171. ಗುಣಿಸಿದರೆ ತೊಂಬತ್ತು ಲೀಟರು ಹೊಗೆ. ಒಂದು ಗಂಟೆಯ ಹುಕ್ಕಾದಲ್ಲಿ ಒಳಹೋಗುವ ಹೊಗೆಯ ಗಾತ್ರ ಒಂದು ಸಿಗರೇಟಿನದಕ್ಕಿಂತ 100ರಿಂದ 200 ಪಟ್ಟು ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಎಚ್ಚರಿಸಿತು. ನಿಕೋಟಿನ್ನಿನ ಒಂದಂಶವನ್ನು ನೀರು ಹೀರಿಕೊಳ್ಳುವುದು ನಿಜ. ಆದರೆ ಚಟಕ್ಕೆ ಒಳಗಾದ ದೇಹವು ತನಗೆ ಬೇಕಾದಷ್ಟು ದೊರೆಯುವವರೆಗೂ ಸೇದಿಸುವುದರಿಂದ, ನೀರು ಹಿಡಿದಿಟ್ಟ ಆ ಕೊರತೆಯೂ ಹೆಚ್ಚು ಹೊಗೆಗೇ ಕಾರಣವಾಗುತ್ತದೆ.

ಕರ್ನಾಟಕ ಸರಕಾರವು 2024ರ ಫೆಬ್ರವರಿಯಲ್ಲಿ ಹುಕ್ಕಾದ ಮಾರಾಟವನ್ನೂ ಸೇವನೆಯನ್ನೂ ರಾಜ್ಯದಲ್ಲಿ ನಿಷೇಧಿಸಿತು. ಅಕ್ಬರನ ಮಗ ಜಹಾಂಗೀರನು 1617ರಲ್ಲಿಯೇ ಹೊಗೆಸೊಪ್ಪನ್ನು ನಿಷೇಧಿಸಿದ್ದನು. ಆಜ್ಞೆ ಇತಿಹಾಸದಲ್ಲಿ ಉಳಿಯಿತು, ಚಟ ಬೀದಿಯಲ್ಲಿ ಉಳಿಯಿತು. ನಿಷೇಧಕ್ಕೆ ತನ್ನದೇ ಸ್ಥಾನವಿದೆ. ಆದರೆ ಕಾರಣವನ್ನು ತಿಳಿದು ದೂರವಿಡುವವನ ಬಿಡುವಿಕೆಯೇ ಗಟ್ಟಿಯಾದದ್ದೆಂದು ನನ್ನ ನಂಬಿಕೆ. ಅದರಿಂದಲೇ ಇಷ್ಟನ್ನು ಬರೆದೆ.

ಆ ಹಿರಿಯರು ಮರುದಿನ ಊರಿನಿಂದ ಬಂದವರು ನಮ್ಮನ್ನು ಗದರಿಸಲಿಲ್ಲ. ಬುರುಡೆಯನ್ನು ಎತ್ತಿಕೊಂಡು ಹೋಗಿ ಅಂಗಳದ ಮೂಲೆಯಲ್ಲಿ ಬಗ್ಗಿಸಿದರು. ಬೆಲ್ಲದ ಪಾನಕದ ಬಣ್ಣಕ್ಕೆ ತಿರುಗಿದ ನೀರು ಮಣ್ಣಿನ ಮೇಲೆ ಹರಿಯಿತು. ನೋಡಿರಪ್ಪಾ, ಇದೆಲ್ಲ ನಿಮ್ಮ ಎದೆಗೆ ಹೋಗಬೇಕಿತ್ತು, ನೀರು ತಡೆಯಿತು ಎಂದರು. ಅರವತ್ತು ವರ್ಷ ಗುಡುಗುಡಿ ಸೇದಿದವರ ಮಾತು, ನಾವು ತಲೆಯಾಡಿಸಿದೆವು. ತಡೆದದ್ದು ಕಣ್ಣಿಗೆ ಕಾಣುತ್ತಿತ್ತು, ಮಣ್ಣಿನ ಮೇಲೆ ಹರಿದಿತ್ತು. ತಡೆಯಲಾರದೆ ಹೋದದ್ದು ಆ ಹೊತ್ತಿಗೂ ನನ್ನ ಹಣೆಯ ಎರಡು ಪಕ್ಕದಲ್ಲಿ ಮಿಡಿಯುತ್ತಿತ್ತು, ಅದಕ್ಕೆ ಬಣ್ಣವಿರಲಿಲ್ಲ.